ಅಜ್ಜಿಗೂ ಒಂದು ಬಟ್ಟಲು ನೂಡಲ್ಸ್



ಈಗೀಗ ಎಷ್ಟೋ ಮನೆಗಳಲ್ಲಿ ಸಂಜೆ ನಾಲ್ಕೂವರೆಗೆ ಒಂದು ಸಣ್ಣ ಜಗಳ ನಡೆಯುತ್ತದೆ. ಶಾಲೆಯಿಂದ ಬಂದ ಮೊಮ್ಮಗಳಿಗೆ ಕೊರಿಯಾದ ಖಾರದ ನೂಡಲ್ಸ್ ಬೇಕು. "ಅದೇನು ತಿಂಡಿಯೇ? ಅವಲಕ್ಕಿ ಕಲಸಿಕೊಡ್ತೀನಿ ಬಾ" ಅನ್ನುತ್ತಾರೆ ಅಜ್ಜಿ. "ನಿಂಗೆ ಅದರ ರುಚಿ ಗೊತ್ತಿಲ್ಲ ಅಜ್ಜಿ" ಅನ್ನುತ್ತಾಳೆ ಮೊಮ್ಮಗಳು. ಕೊನೆಗೆ ಒಬ್ಬರು ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತಾರೆ, ಇನ್ನೊಬ್ಬರು ಟೀವಿ ಮುಂದೆ ಮೂಗು ಸುರಿಸಿಕೊಂಡು ನೂಡಲ್ಸ್ ತಿನ್ನುತ್ತಾರೆ. ಇಬ್ಬರೂ ಒಟ್ಟಿಗೆ ಕೂತು ತಿನ್ನುವ ಹಾಗೆ ಮಾಡಲು ಸಾಧ್ಯವೇ? ಸಾಧ್ಯ. ಅದಕ್ಕೆ ಮೊದಲು ಆ ಪೊಟ್ಟಣದ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ.

ಹಿತ್ತಲ ಶೆಡ್ಡಿನಲ್ಲಿ ಹುಟ್ಟಿದ್ದು

ಎರಡನೇ ಮಹಾಯುದ್ಧ ಮುಗಿದಾಗ ಜಪಾನಿನಲ್ಲಿ ತಿನ್ನಲು ಸಾಕಷ್ಟು ಆಹಾರವಿರಲಿಲ್ಲ. ಒಸಾಕಾ ನಗರದಲ್ಲಿ ಒಂದು ಬಟ್ಟಲು ಬಿಸಿ ನೂಡಲ್ಸ್‌ಗಾಗಿ ಜನ ಚಳಿಯಲ್ಲಿ ಉದ್ದಕ್ಕೆ ಸಾಲು ನಿಂತಿದ್ದರು. ಅದನ್ನು ಕಂಡವರಲ್ಲಿ ಮೊಮೊಫುಕು ಆಂಡೊ ಎಂಬವರೂ ಒಬ್ಬರು. ಮುಂದೆ ಅವರ ವ್ಯವಹಾರ ಮುಳುಗಿ, ಇದ್ದ ಆಸ್ತಿಯೆಲ್ಲ ಹೋಯಿತು. ಆಗ ಇಕೆಡಾ ಎಂಬ ಊರಿನ ತಮ್ಮ ಮನೆಯ ಹಿತ್ತಲಲ್ಲಿ ಒಂದು ಶೆಡ್ಡು ಹಾಕಿಕೊಂಡು, ಬಿಸಿನೀರು ಸುರಿದರೆ ಸಾಕು ತಿನ್ನಲು ಸಿದ್ಧವಾಗುವ ನೂಡಲ್ಸ್ ಮಾಡಲು ಹೊರಟರು. ಎಳೆಗಳನ್ನು ಕೆಡದ ಹಾಗೆ ಒಣಗಿಸುವುದು ಹೇಗೆ ಎಂಬುದೇ ದೊಡ್ಡ ತೊಡಕಾಗಿತ್ತು. ಒಂದು ದಿನ ಹೆಂಡತಿ ಎಣ್ಣೆಯಲ್ಲಿ ಟೆಂಪುರಾ ಕರಿಯುತ್ತಿದ್ದುದನ್ನು ನೋಡಿ ಅವರಿಗೆ ದಾರಿ ಹೊಳೆಯಿತಂತೆ. ಟೆಂಪುರಾ ಅಂದರೆ ನಮ್ಮ ಬಜ್ಜಿಯ ಜಪಾನಿ ನೆಂಟ. ಕಾದ ಎಣ್ಣೆಗೆ ಬಿದ್ದೊಡನೆ ಎಳೆಯೊಳಗಿನ ನೀರು ಆವಿಯಾಗಿ ಹಾರಿಹೋಗುತ್ತದೆ, ಅದು ಇದ್ದ ಜಾಗದಲ್ಲಿ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಮುಂದೆ ಬಿಸಿನೀರು ಹಾಕಿದಾಗ ಆ ತೂತುಗಳ ಮೂಲಕವೇ ನೀರು ಒಳಹೊಕ್ಕು ಎಳೆ ಮತ್ತೆ ಮೆತ್ತಗಾಗುತ್ತದೆ.

1958ರ ಆಗಸ್ಟ್ 25ರಂದು ಆ ನೂಡಲ್ಸ್ ಮಾರುಕಟ್ಟೆಗೆ ಬಂತು. ಆಗ ಆಂಡೊ ಅವರಿಗೆ 48 ವರ್ಷ. ಹೊಸದು ಕಲಿಯಲು ವಯಸ್ಸಾಯಿತು ಅನ್ನುವ ಅಜ್ಜಂದಿರು ಇದನ್ನು ಗಮನಿಸಬೇಕು. 2007ರಲ್ಲಿ ತೀರಿಕೊಂಡಾಗ ಅವರಿಗೆ 96.

ಅಜ್ಜಿಯರೇ, ಬೇಯಿಸಿದ್ದನ್ನು ಒಣಗಿಸಿಟ್ಟುಕೊಂಡು ಬೇಕಾದಾಗ ತಿನ್ನುವ ಉಪಾಯ ನಿಮಗೆ ಹೊಸದೇನಲ್ಲ. ಬೇಸಿಗೆಯಲ್ಲಿ ಶಾವಿಗೆ ಮಾಡಿ ಬಿಸಿಲಿಗೆ ಒಣಹಾಕಿದವರು, ಮಾಳಿಗೆಯ ಮೇಲೆ ಸಂಡಿಗೆ ಇಟ್ಟು ಕಾಗೆ ಕಾಯಲು ಮಕ್ಕಳನ್ನು ಕೂರಿಸಿದವರು ನೀವೇ ತಾನೇ? ನೀವು ಬಿಸಿಲಿನಿಂದ ಮಾಡಿಸಿದ ಕೆಲಸವನ್ನು ಆಂಡೊ ಕಾದ ಎಣ್ಣೆಯಿಂದ ಒಂದೆರಡು ನಿಮಿಷದಲ್ಲಿ ಮಾಡಿಸಿದರು. ಎಣ್ಣೆಯಲ್ಲಿ ಕರಿದ ಕಾರಣ ಅದರಲ್ಲಿ ಕೊಬ್ಬು ಉಳಿಯುತ್ತದೆ, ನಿಮ್ಮ ಶಾವಿಗೆಯಲ್ಲಿ ಉಳಿಯುವುದಿಲ್ಲ ಎಂಬುದು ಮುಖ್ಯ ವ್ಯತ್ಯಾಸ.

ಕೊರಿಯಾಕ್ಕೆ ಈ ತಿಂಡಿ 1963ರಲ್ಲಿ ಬಂತು. ಅಲ್ಲಿ ಅದಕ್ಕೆ ರಾಮ್ಯೊನ್ ಎನ್ನುತ್ತಾರೆ. ಮೊದಮೊದಲು ಅದು ಖಾರವಾಗಿರಲಿಲ್ಲ, ಆಮೇಲೆ ಕೊರಿಯನ್ನರ ನಾಲಿಗೆಗೆ ಒಗ್ಗುವಂತೆ ಮೆಣಸಿನಪುಡಿ ಸೇರಿತು. 1986ರಲ್ಲಿ ಶಿನ್ ರಾಮ್ಯೊನ್ ಬಂತು. ಆ 'ಶಿನ್' ಅಕ್ಷರದ ಅರ್ಥವೇ ಖಾರ. 2012ರಲ್ಲಿ ಬುಲ್ಡಾಕ್ ಬಂತು. 'ಬುಲ್' ಅಂದರೆ ಬೆಂಕಿ, 'ಡಾಕ್' ಅಂದರೆ ಕೋಳಿ. ಮೊಮ್ಮಗಳು ಕೇಳುವುದು ಹೆಚ್ಚಾಗಿ ಈ ಬೆಂಕಿಕೋಳಿಯನ್ನೇ.

ಬೆಂಕಿಯಿಲ್ಲದ ಉರಿ

ಮೆಣಸಿನಕಾಯಿ ತಿಂದಾಗ ನಾಲಿಗೆ ಸುಟ್ಟ ಹಾಗಾಗುತ್ತದೆ. ಆದರೆ ಅಲ್ಲಿ ಬೆಂಕಿ ಇಲ್ಲ. ನಮ್ಮ ನಾಲಿಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಪುಟ್ಟ ಕಾವಲುಗಾರರಿದ್ದಾರೆ. ಸುಮಾರು 43 ಡಿಗ್ರಿಗಿಂತ ಹೆಚ್ಚು ಬಿಸಿ ತಾಗಿದರೆ ಅವರು ಮಿದುಳಿಗೆ "ಸುಡುತ್ತಿದೆ!" ಎಂದು ಕೂಗುತ್ತಾರೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು ಅದೇ ಕಾವಲುಗಾರರನ್ನು ತಟ್ಟಿ ಎಬ್ಬಿಸುತ್ತದೆ. ಅವರು ಮೋಸಹೋಗಿ ಕೂಗುತ್ತಾರೆ, ಮಿದುಳು ನಂಬುತ್ತದೆ, ಬೆವರು, ಕಣ್ಣೀರು, ಮೂಗು ಎಲ್ಲ ಒಟ್ಟಿಗೆ ಸುರಿಯುತ್ತವೆ. ಈ ಕಾವಲುಗಾರನನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಹಕ್ಕಿಗಳಿಗೆ ಮಾತ್ರ ಈ ಉರಿ ತಾಗುವುದಿಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಆರಾಮಾಗಿ ಮೆಲ್ಲುವುದು ಅದಕ್ಕೇ.

ಖಾರ ಹತ್ತಿದಾಗ ನೀರು ಕುಡಿದರೆ ಯಾಕೆ ಹೋಗುವುದಿಲ್ಲ? ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ನೀರು ಅದನ್ನು ಬಾಯ್ತುಂಬ ಹರಡುತ್ತದಷ್ಟೇ. ಕೊಬ್ಬಿನಲ್ಲಿ ಕರಗುತ್ತದೆ. ಹಾಲು ಮೊಸರಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ಕೊರಿಯಾದ ಮಕ್ಕಳು ಖಾರದ ರಾಮ್ಯೊನ್ ಮೇಲೆ ಚೀಸ್ ಹಾಳೆ ಹಾಕಿಕೊಳ್ಳುವುದಕ್ಕೂ, ನಮ್ಮ ಅಜ್ಜಿಯರು ಖಾರದ ಊಟದ ಕೊನೆಗೆ ಮೊಸರನ್ನ ಬಡಿಸುವುದಕ್ಕೂ ಒಳಗಿನ ಕಾರಣ ಒಂದೇ.

ಅಂದಹಾಗೆ, ಮೆಣಸಿನಕಾಯಿ ನಮ್ಮದೂ ಅಲ್ಲ, ಕೊರಿಯಾದ್ದೂ ಅಲ್ಲ. ಅದರ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅದಕ್ಕೆ ಮೊದಲು ನಮ್ಮ ಅಡುಗೆಯ ಖಾರವೆಂದರೆ ಕರಿಮೆಣಸು. ಹೊಸದಾಗಿ ಬಂದ ಕಾಯಿಗೂ ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ ಮೆಣಸಿನಕಾಯಿ ಅಂದೆವು.

ಪೊಟ್ಟಣದ ಬೆನ್ನು ಓದಿ

ಪೊಟ್ಟಣದ ಮುಂಭಾಗ ಚಂದ ಕಾಣಲು ಇರುವುದು, ನಿಜವಾದ ವಿಷಯ ಬೆನ್ನ ಮೇಲಿರುತ್ತದೆ. ಅಕ್ಷರ ಸಣ್ಣದು. ಹಾಗಾಗಿ ಅಜ್ಜನ ಕನ್ನಡಕವೂ ಮೊಮ್ಮಗನ ಕಣ್ಣೂ ಎರಡೂ ಬೇಕು.

ಮೊದಲು ಬಣ್ಣದ ಗುರುತು ನೋಡಿ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕೊರಿಯಾ, ಥಾಯ್ಲೆಂಡ್ ಪೊಟ್ಟಣಗಳ ಮಸಾಲೆಯಲ್ಲಿ ಕೋಳಿ, ಮೀನು, ಸಿಗಡಿ, ದನದ ಮಾಂಸದ ಸಾರ ಇರುವುದುಂಟು. ಶೇಂಗಾ, ಸಿಗಡಿ, ಸೋಯಾ ಒಗ್ಗದವರು ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ಆಮೇಲೆ ಸೋಡಿಯಂ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿದೆಯೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಮಿಲಿಗ್ರಾಂ ಎಂದು ತಿಳಿಯುತ್ತದೆ. 100 ಗ್ರಾಂಗೆ 1,200 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದೆ, ಪೊಟ್ಟಣದ ತೂಕ 140 ಗ್ರಾಂ ಎಂದುಕೊಳ್ಳಿ. ಆಗ ಪೊಟ್ಟಣದಲ್ಲಿ 1,680 ಮಿಲಿಗ್ರಾಂ ಸೋಡಿಯಂ. ಉಪ್ಪಿನ ಲೆಕ್ಕದಲ್ಲಿ 4.2 ಗ್ರಾಂ. ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ. ಅಂದಮೇಲೆ ಬೆಳಗಿನ ಇಡ್ಲಿಯ ಚಟ್ನಿ, ಮಧ್ಯಾಹ್ನದ ಸಾರು, ಉಪ್ಪಿನಕಾಯಿಗೆಲ್ಲ ಲೆಕ್ಕದಲ್ಲಿ ಜಾಗವೆಲ್ಲಿ ಉಳಿಯಿತು? ರಕ್ತದೊತ್ತಡದ ಮಾತ್ರೆ ನುಂಗುವ ಅಜ್ಜನಿಗೆ ಈ ಲೆಕ್ಕ ಬರಿಯ ಗಣಿತವಲ್ಲ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರ ಮಾತನ್ನೇ ಕೇಳಬೇಕು.

ಒಂದು ಸಮಾಧಾನವೂ ಉಂಟು. ಉಪ್ಪಿನಲ್ಲಿ ಹೆಚ್ಚು ಪಾಲು, ಖಾರದಲ್ಲಿ ಬಹುಪಾಲು ಇರುವುದು ಎಳೆಯಲ್ಲಲ್ಲ, ಜೊತೆಗಿರುವ ಮಸಾಲೆಯ ಚೀಟಿನಲ್ಲಿ. ಅದನ್ನು ಪೂರ್ತಿ ಸುರಿಯಲೇಬೇಕೆಂದು ಯಾರೂ ಹೇಳಿಲ್ಲ.

ಊರಿಗೊಂದು ಕೈರುಚಿ

ಪೊಟ್ಟಣದ ಮೇಲೆ ಬರೆದ ಹಾಗೆಯೇ ಮಾಡಿ ತಿನ್ನುವವರು ಏಷ್ಯಾದಲ್ಲಿ ಕಡಿಮೆ. ಕೊರಿಯಾದ ಮನೆಗಳಲ್ಲಿ ಮೊಟ್ಟೆ, ಈರುಳ್ಳಿ ಹೂವು ಹಾಕುತ್ತಾರೆ, ಪಕ್ಕಕ್ಕೆ ಕಿಮ್ಚಿ ಇಟ್ಟುಕೊಳ್ಳುತ್ತಾರೆ. ಎಳೆ ಮುಗಿದ ಮೇಲೆ ಉಳಿದ ಸಾರಿಗೆ ಅನ್ನ ಕಲಸಿ ತಿನ್ನುತ್ತಾರೆ. ಇಂಡೊನೇಷ್ಯಾದ ರಸ್ತೆಬದಿಯ ಪುಟ್ಟ ಅಂಗಡಿಗಳಲ್ಲಿ ನೂಡಲ್ಸ್‌ನ ನೀರು ಬಸಿದು, ಸಿಹಿ ಸೋಯಾ ರಸ ಕಲಸಿ, ಮೇಲೆ ಕರಿದ ಮೊಟ್ಟೆ ಇಟ್ಟು ಕೊಡುತ್ತಾರೆ. ಥಾಯ್ಲೆಂಡಿನಲ್ಲಿ ಬೇಯಿಸಿದ ಎಳೆಗೆ ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ ಹಾಕಿ ಕೋಸಂಬರಿಯ ಹಾಗೆ ಕಲಸುತ್ತಾರೆ. ನೇಪಾಳದಲ್ಲಿ ಬೇಯಿಸುವ ಗೊಡವೆಯೇ ಇಲ್ಲ. ಹಾಗೇ ತಿನ್ನಬಹುದಾದ ವೈ ವೈ ನೂಡಲ್ಸನ್ನು ಪುಡಿಮಾಡಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ನಿಂಬೆರಸ ಬೆರೆಸಿಬಿಡುತ್ತಾರೆ. ನಮ್ಮ ಚುರುಮುರಿಯೇ ಸರಿ!

ಇಬ್ಬರಿಗೆ ಒಂದು ಪೊಟ್ಟಣ

ಈಗ ನಮ್ಮ ಮನೆಗಳ ಸರದಿ. ಅಜ್ಜಿ ಒಲೆಯ ಹತ್ತಿರ, ಮೊಮ್ಮಕ್ಕಳು ತರಕಾರಿ ಹತ್ತಿರ.

ಒಂದು ಬಟ್ಟಲು ಸಣ್ಣಗೆ ಹೆಚ್ಚಿದ ಬೀನ್ಸ್, ಕ್ಯಾರೆಟ್, ಎಲೆಕೋಸನ್ನು ಉಪ್ಪು ಹಾಕದೆ ನೀರಿನಲ್ಲಿ ಬೇಯಿಸಿ. ಮುಕ್ಕಾಲು ಬೆಂದಾಗ ನೂಡಲ್ಸ್ ಹಾಕಿ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಕುದಿಸಿ. ನೀರು ಬಸಿಯುವುದು ದೊಡ್ಡವರ ಕೆಲಸ. ಕುದಿನೀರಿನ ಆವಿ ಕೈಸುಡುತ್ತದೆ. ನಾಲ್ಕು ಚಮಚ ನೀರು ಉಳಿಸಿಕೊಂಡು, ಮಸಾಲೆ ಹಾಕುವ ಮೊದಲೇ ಎಳೆಯನ್ನು ಎರಡು ಬಟ್ಟಲಿಗೆ ಹಂಚಿ. ಇಡೀ ಉಪಾಯ ಇರುವುದು ಇಲ್ಲಿಯೇ.

ಅಜ್ಜಿಯ ಬಟ್ಟಲಿಗೆ: ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಒಂದು ಬ್ಯಾಡಗಿ ಮೆಣಸಿನಕಾಯಿ, ಬಿಳಿ ಎಳ್ಳು ಹಾಕಿ ಒಗ್ಗರಣೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಮೇಲೆ ಎರಡು ಚಮಚ ಹುರಿದ ಶೇಂಗಾ ಪುಡಿ, ಚಿಟಿಕೆ ಕರಿಮೆಣಸಿನ ಪುಡಿ, ಅರ್ಧ ನಿಂಬೆಹಣ್ಣಿನ ರಸ. ಹುಳಿ ಇದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.

ಮೊಮ್ಮಕ್ಕಳ ಬಟ್ಟಲಿಗೆ: ಚೀಟಿನ ಮಸಾಲೆಯಲ್ಲಿ ಕಾಲುಭಾಗದಿಂದ ಶುರುಮಾಡಿ. ಕಲಸಿ, ರುಚಿ ನೋಡಿ, ಸಾಲದಿದ್ದರೆ ಇನ್ನಷ್ಟು. ಹಾಕಿದ್ದನ್ನು ತೆಗೆಯಲಾಗದು. ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಪನೀರು ಇರಲಿ. ಬರೀ ನೂಡಲ್ಸ್ ಹೊಟ್ಟೆ ತುಂಬಿಸುತ್ತದೆ, ಆದರೆ ಬೆಳೆಯುವ ಮೈಗೆ ಬೇಕಾದಷ್ಟು ಪ್ರೋಟೀನು, ನಾರು ಅದರಲ್ಲಿಲ್ಲ. ಖಾರ ಜಾಸ್ತಿ ಅನಿಸಿದರೆ ಎರಡು ಚಮಚ ತೆಂಗಿನಹಾಲು. ಪಕ್ಕದಲ್ಲಿ ಸೌತೆಕಾಯಿ ಮೊಸರುಬಜ್ಜಿ.

ಉಳಿದ ಮಸಾಲೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನದ ಚಿತ್ರಾನ್ನದ ಒಗ್ಗರಣೆಗೆ ಅರ್ಧ ಚಮಚ ಹಾಕಿ ನೋಡಿ. ಆಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ, ಖಾರದ ಕೈ ಕಣ್ಣಿಗೆ ಹೋಗಬಾರದು.

ಪಂದ್ಯ ಬೇಡ

ಮಕ್ಕಳೇ, ಒಂದು ಮಾತು ನಿಮಗೆ ಮಾತ್ರ. ಅತಿಖಾರದ ನೂಡಲ್ಸನ್ನು ನೀರು ಕುಡಿಯದೆ ಯಾರು ಮುಗಿಸುತ್ತಾರೆ ಎಂದು ಗೆಳೆಯರು ಪಂದ್ಯ ಕಟ್ಟುವುದು ನನಗೆ ಗೊತ್ತು. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ದೇಶದ ಆಹಾರ ಇಲಾಖೆ ಬುಲ್ಡಾಕ್‌ನ ಮೂರು ಅತಿಖಾರದ ಬಗೆಗಳನ್ನು ಅಂಗಡಿಗಳಿಂದ ವಾಪಸು ತೆಗೆಸಿತು. ಮಕ್ಕಳಿಗೆ ಅಪಾಯವಾಗಬಹುದು ಎಂಬ ಚಿಂತೆ ಅವರದು. ಮುಂದಿನ ತಿಂಗಳು ಮತ್ತೆ ಪರಿಶೀಲಿಸಿ ಎರಡು ಬಗೆಗಳನ್ನು ಮಾರಲು ಬಿಟ್ಟರು, ಒಂದನ್ನು ಬಿಡಲಿಲ್ಲ. ಮಾಮೂಲಿ ಖಾರಕ್ಕೆ ಹೆದರಬೇಕಿಲ್ಲ. ಆದರೆ ಪುಟ್ಟ ಮೈಗೆ ದೊಡ್ಡ ಖಾರ ಬಿದ್ದರೆ ಹೊಟ್ಟೆನೋವು, ವಾಂತಿ ಬರಬಹುದು. ಉಬ್ಬಸ ಇರುವವರಿಗೆ ಇನ್ನೂ ಕಷ್ಟ.

ನಾಲ್ಕು ಜನ "ಹೆದರುಪುಕ್ಕಲ" ಎಂದು ನಗುವಾಗ "ನಂಗೆ ಸಾಕು" ಎಂದು ಬಟ್ಟಲು ಕೆಳಗಿಡುವುದು ಸುಲಭವಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡರೆ ಹೊರಗೂ ಬಾಯಿಗೆ ಬರುತ್ತದೆ. ಅಜ್ಜ ಅಜ್ಜಿಯರೇ, ಮಗು ಖಾರ ಸಾಕು ಅಂದಾಗ "ಇಷ್ಟಕ್ಕೇನಾ?" ಎಂದು ನೀವೂ ನಗಬೇಡಿ. "ತಿನ್ನಲೇಬೇಡ" ಎಂದು ಗದರಿದರೆ ಮಗು ಅಡಗಿಸಿಕೊಂಡು ತಿನ್ನುತ್ತದೆ. "ತಿಂಗಳಿಗೊಂದೆರಡು ಸಲ, ನನ್ನ ಜೊತೆ ಕೂತು" ಅನ್ನಿ. ಆಗ ಅದು ಏನು ತಿನ್ನುತ್ತಿದೆ, ಎಷ್ಟು ತಿನ್ನುತ್ತಿದೆ ಎಂಬುದು ನಿಮ್ಮ ಕಣ್ಣಮುಂದೆಯೇ ಇರುತ್ತದೆ.

ಈ ವಾರದ ಕೆಲಸ

ಮಕ್ಕಳಿಗೆ: ಮನೆಯಲ್ಲಿರುವ ನೂಡಲ್ಸ್, ಚಿಪ್ಸ್, ಬಿಸ್ಕತ್ತು, ಮೂರರ ಬೆನ್ನು ಓದಿ ಉಪ್ಪಿನ ಲೆಕ್ಕ ಹಾಕಿ. ಯಾವುದರಲ್ಲಿ ಹೆಚ್ಚು ಎಂದು ಮೊದಲೇ ಊಹಿಸಿ ಬರೆದಿಟ್ಟುಕೊಳ್ಳಿ.

ಅಜ್ಜ ಅಜ್ಜಿಯರಿಗೆ: ನಿಮ್ಮ ಕಾಲದಲ್ಲಿ ಶಾವಿಗೆ ಮಾಡುತ್ತಿದ್ದುದು ಹೇಗೆ, ಒತ್ತಲು ಯಾರು ಸೇರುತ್ತಿದ್ದರು, ಎಲ್ಲಿ ಒಣಗಿಸುತ್ತಿದ್ದಿರಿ ಎಂದು ನೂಡಲ್ಸ್ ತಿನ್ನುತ್ತಾ ಹೇಳಿ. ಮೊಮ್ಮಕ್ಕಳು ಅದನ್ನು ಒಂದು ಪುಟದಲ್ಲಿ ಬರೆದು ನಮಗೆ ಕಳಿಸಲಿ. ಮುಂದಿನ ವಾರ ಮತ್ತೆ ಸಿಗೋಣ.