ನಗಿಸುವವರ ಕೋಣೆ

ನನ್ನ ತಂಗಿ ಇರುವುದು ಅಮೆರಿಕದ ಒಹಾಯೊದಲ್ಲಿ. ಅವಳ ಮಗ ಪಕ್ಕದ ಮಿಷಿಗನ್ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದ್ದ. 2023ರ ಅಕ್ಟೋಬರಿನಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ತಂಗಿ, "ಅಕ್ಕಾ, ಇವನು ಟೀವಿಗೆ ಕಾಮಿಡಿ ಬರೀತೀನಿ ಅಂತ ಹಟ ಹಿಡಿದಿದಾನೆ. ನೀನು ಬರೆಯೋಳು, ನಿನ್ನ ಮಾತು ಕೇಳ್ತಾನೆ. ಸ್ವಲ್ಪ ಬುದ್ಧಿ ಹೇಳು" ಎಂದು ನನ್ನನ್ನು ಅವನಲ್ಲಿಗೆ ಅಟ್ಟಿದಳು. ಬರೆಯುವವಳ ಬಾಯಿಂದಲೇ ಬರೆಯಬೇಡ ಅಂತ ಹೇಳಿಸುವ ಉಪಾಯ!

ನಾನು ಹೋದ ದಿನವೇ ಕ್ಯಾಂಪಸ್ಸಿನಲ್ಲಿ ಟೀವಿ ಹಾಸ್ಯ ಧಾರಾವಾಹಿಗಳ ಲೇಖಕರೊಬ್ಬರ ಭಾಷಣವಿತ್ತು. "ದೊಡ್ಡಮ್ಮಾ, ನೀವೂ ಬನ್ನಿ" ಎಂದ ಹುಡುಗ. ಹೋದೆ. ಐವತ್ತು ದಾಟಿದ ಆ ಮನುಷ್ಯ ನಗಿಸುವವರಂತೆ ಕಾಣಲೇ ಇಲ್ಲ. ನಮ್ಮ ಬೀದಿಯ ಸಹಕಾರಿ ಬ್ಯಾಂಕಿನ ಕ್ಯಾಷಿಯರ್ ಇದ್ದ ಹಾಗಿದ್ದರು; ಮಾತೂ ಲೆಕ್ಕದ್ದೇ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಅದಕ್ಕಾಗಿ ಎಂಟು-ಹತ್ತು ಜನ ಒಂದೇ ಕೋಣೆಯಲ್ಲಿ ಬೆಳಗಿನಿಂದ ಕೂರುತ್ತಾರೆ. ಒಬ್ಬರು ಒಂದು ಮಾತು ಹೇಳಿದರೆ ಇನ್ನೊಬ್ಬರು ಅದನ್ನು ತಿರುಚುತ್ತಾರೆ, ಮೂರನೆಯವರು ಅದನ್ನೇ ಕಿತ್ತುಹಾಕುತ್ತಾರೆ. ನಟರು ಮೇಜಿನ ಸುತ್ತ ಕೂತು ಓದುವಾಗ ಯಾರೂ ನಗಲಿಲ್ಲವೋ, ರಾತ್ರಿಯೆಲ್ಲ ಕೂತು ಮತ್ತೆ ಬರೆಯಬೇಕು. ನನಗೆ ಬೇಸಿಗೆಯಲ್ಲಿ ವಠಾರದ ಹೆಂಗಸರೆಲ್ಲ ಸೇರಿ ಹಪ್ಪಳ ಒತ್ತುತ್ತಿದ್ದುದು ನೆನಪಾಯಿತು. ಒಣಗಿದ ಮೇಲೆ ಯಾವ ಹಪ್ಪಳ ಯಾರು ಒತ್ತಿದ್ದೆಂದು ಹೇಳುವವರಾರು?

ಮೆಲ್ ಬ್ರೂಕ್ಸ್, ನೀಲ್ ಸೈಮನ್ ಮುಂತಾದ ದೊಡ್ಡ ಹೆಸರುಗಳು 1950ರ ದಶಕದಲ್ಲಿ ಸಿಡ್ ಸೀಸರ್ ಎಂಬ ಹಾಸ್ಯನಟನಿಗಾಗಿ ಇಂಥದೇ ಕೋಣೆಯಲ್ಲಿ ಕೂತು ಬರೆದು ಪಳಗಿದವು. ಆ ಗಂಡಸರ ಗದ್ದಲದ ನಡುವೆ ಲೂಸಿಲ್ ಕ್ಯಾಲೆನ್ ಎಂಬ ಹೆಂಗಸೂ ಇದ್ದರು. ಆಕೆಯ ಹೆಸರು ನಿಮಗೆ ಗೊತ್ತಿತ್ತೇ? ನನಗಂತೂ ಇರಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ದೂರದರ್ಶನದಲ್ಲಿ 1984ರಲ್ಲಿ ಶುರುವಾದ 'ಯೇ ಜೋ ಹೈ ಜಿಂದಗಿ'ಯನ್ನೇ ತಗೊಳ್ಳಿ. ಸತೀಶ್ ಶಾ ವಾರಕ್ಕೊಂದು ವೇಷದಲ್ಲಿ ಬರುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಬರೆದವರು ಶರದ್ ಜೋಶಿ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹೆಸರುಗಳು ಓಡುವ ಹೊತ್ತಿಗೆ ನಾವು ನೀರು ಕುಡಿಯಲು ಎದ್ದಿರುತ್ತಿದ್ದೆವಲ್ಲ!

ಹೊಟ್ಟೆಪಾಡಿನ ವಿಷಯವನ್ನೂ ಅವರು ಮುಚ್ಚಿಡಲಿಲ್ಲ. ಮೊದಲೆಲ್ಲ ವರ್ಷಕ್ಕೆ 22 ಕಂತು ಬರೆಯುತ್ತಿದ್ದ ಕಡೆ ಈಗ ಎಂಟೋ ಹತ್ತೋ. ಅದಕ್ಕೇ ಆ ವರ್ಷ ಲೇಖಕರು 148 ದಿನ ಮುಷ್ಕರ ಹೂಡಿದ್ದರು. ಕೋಣೆಯಲ್ಲಿ ಕನಿಷ್ಠ ಇಷ್ಟು ಜನ ಇರಬೇಕು, ಯಂತ್ರ ಬರೆದದ್ದಕ್ಕೆ ಲೇಖಕನ ಪಟ್ಟ ಸಲ್ಲದು ಎಂದೆಲ್ಲ ಒಪ್ಪಂದವಾಗಿ ಇನ್ನೂ ತಿಂಗಳಾಗಿರಲಿಲ್ಲ. ತಂಗಿಯ ಕೆಲಸ ಇವರೇ ಮಾಡಿಕೊಟ್ಟರಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಆಮೇಲೆ ಅವರು 'ಮ್ಯಾಶ್' ಧಾರಾವಾಹಿಯ ಮಾತು ತೆಗೆದರು. 1972ರಿಂದ 1983ರವರೆಗೆ ನಡೆದ ಅದು ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ. ಹಾಸ್ಯವೆಂದ ಮೇಲೆ ನಗುವಿನ ಸದ್ದು ಬೇಕೇ ಬೇಕೆಂದು ಚಾನೆಲ್ಲಿನವರು ಅಂಟಿಸಿದರು. ಆಪರೇಷನ್ ಥಿಯೇಟರಿನ ದೃಶ್ಯಗಳಲ್ಲಿ ಮಾತ್ರ ಕೂಡದೆಂದು ತಯಾರಕರು ಪಟ್ಟು ಹಿಡಿದು ಗೆದ್ದರು. ಅಲ್ಲೂ ತಮಾಷೆಯ ಮಾತುಗಳಿವೆ, ನಗು ಮಾತ್ರ ಕೇಳಿಸುವುದಿಲ್ಲ.

ಕೊನೆಗೆ, ನಿಮ್ಮ ಮನೆಯದೇ ಒಂದು ತಮಾಷೆ ಹೇಳಿ ಎಂದರು. ನಮ್ಮ ಹುಡುಗ ಎದ್ದು ನಿಂತ. ಅಮ್ಮ ದಿನಾ ರಾತ್ರಿ ಫೋನು ಮಾಡುತ್ತಾಳೆ. ಕಂಪ್ಯೂಟರ್ ಬಿಟ್ಟು ನಾಟಕ ವಿಭಾಗಕ್ಕೆ ಸೇರಿದ್ದೇನೆ ಎಂದು ಹೇಳಲು ಇವನು ಬಾಯಿ ತೆರೆಯುವುದರೊಳಗೆ "ಊಟ ಆಯ್ತಾ?" ಎನ್ನುತ್ತಾಳೆ. ಏನು ತಿಂದೆ, ಮೊಸರಿತ್ತಾ ಎಂದು ವಿಚಾರಣೆ ಮುಗಿಯುವಾಗ "ಸರಿ, ಮಲಕ್ಕೋ." ಆರು ವಾರದಿಂದ ಅಮ್ಮನಿಗೆ ತಾನು ತಿಂದದ್ದೆಲ್ಲ ಗೊತ್ತು, ಓದುತ್ತಿರುವುದೊಂದು ಬಿಟ್ಟು!

ಸಭಾಂಗಣವೆಲ್ಲ ನಕ್ಕಿತು. ನನ್ನ ಕೈಕಾಲು ತಣ್ಣಗಾದವು. ಲೇಖಕರು ನಗದೆ ಕೇಳಿ, ಮೊಸರಿನ ಮಾತು ತೆಗೆದುಬಿಡು, ನಗು ಬರಿಸುವ ಪದವನ್ನು ವಾಕ್ಯದ ತುದಿಗೆ ತಾ ಎಂದು ತಿದ್ದಿದರು. ಹುಡುಗ ಹಾಗೇ ಮತ್ತೆ ಹೇಳಿದ. ನಗು ಎರಡರಷ್ಟಾಯಿತು. ನಿಜ ಹೇಳುತ್ತೇನೆ, ಈ ಸಲ ನಾನೂ ನಕ್ಕುಬಿಟ್ಟೆ.

ಹೊರಗೆ ಮೇಪಲ್ ಮರಗಳೆಲ್ಲ ಕೆಂಪಾಗಿದ್ದವು. ಕ್ಯಾಂಟೀನಿಗೆ ಹೋಗಿ ಕೂತೆವು. ತಲೆ ತಗ್ಗಿಸಿಕೊಂಡೇ "ಅಮ್ಮನಿಗೆ ಹೇಳ್ತೀರಾ ದೊಡ್ಡಮ್ಮಾ?" ಎಂದ. ಬುದ್ಧಿ ಹೇಳಲು ಬಂದವಳಿಗೆ ಒಂದು ಮಾತೂ ಹೊಳೆಯಲಿಲ್ಲ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು.

"ಅಕ್ಕಾ, ಊಟ ಆಯ್ತಾ?"

"ನಂದಿರಲಿ. ನಿನ್ನ ಮಗ ಏನೋ ಹೇಳ್ಬೇಕಂತೆ. ಅವನು ಮುಗಿಸೋವರೆಗೆ ಊಟದ ಸುದ್ದಿ ಎತ್ತಬೇಡ" ಎಂದು ಫೋನನ್ನು ಅವನ ಕೈಗಿಟ್ಟು, ಕಾಫಿ ತರಲು ಎದ್ದೆ.