ಗುಡ್ಡ ಕಡಿದು, ಗದ್ದೆ ಮರೆತು

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ‘ಪ್ರಕೃತಿಯ ಮುನಿಸು’ ಎಂಬ ಮಾತು ಕೇಳಿಬಂದಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದಾಗಲೂ ಅದೇ ಮಾತು. ಈ ಮಾತು ಗುಡ್ಡ ಕಡಿದ ಕೈಗಳನ್ನು ಮರೆಮಾಚುತ್ತದೆ. ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸಿದರೆ, ನೀರುಂಡು ಭಾರವಾದ ಮಣ್ಣು ಆಧಾರವಿಲ್ಲದೆ ಜಾರಲೇಬೇಕು.

ಹಾದಿ ಮುಚ್ಚಿದ ದಿನ, ಭತ್ತದ ಗದ್ದೆಗಳನ್ನು ಅಡಿಕೆಗೂ ಶುಂಠಿಗೂ ಒಪ್ಪಿಸಿದ ಹಳ್ಳಿ ಅನ್ನಕ್ಕಾಗಿ ಯಾರ ಮುಂದೆ ಕೈಯೊಡ್ಡಬೇಕು? ಮಳೆನೀರನ್ನು ತಡೆದು ಇಂಗಿಸುತ್ತಿದ್ದವೂ ಅವೇ ಗದ್ದೆಗಳು.

ಬಿರುಕು ಬಿಟ್ಟ ಧರೆ, ಮುಚ್ಚಿಹೋದ ಹಳ್ಳ, ಬೇಸಿಗೆಯಲ್ಲೂ ಆರದ ಒರತೆ, ಉಳಿದಿರುವ ಗದ್ದೆ, ಮನೆಯಲ್ಲಿರುವ ನಾಟಿ ಬೀಜ: ಇವುಗಳ ಲೆಕ್ಕವನ್ನು ಮುಂಗಾರಿಗೆ ಮುನ್ನವೇ ಪ್ರತಿ ಗ್ರಾಮಸಭೆಯೂ ಬರೆದಿಡಲಿ. ಅದುವರೆಗೆ ಯಾವ ಗುಡ್ಡವನ್ನೂ ಜೆಸಿಬಿ ಏರದಿರಲಿ.