ಚರ್ಚಿನ ಮೆಟ್ಟಿಲು ಮತ್ತು ನನ್ನ ತಮ್ಮ

ಈ ಸಲದ ಗೋಡೆ ಪತ್ರಿಕೆಗೆ ನಿಮ್ಮ ನಿಮ್ಮ ಅಭಿಪ್ರಾಯ ಬರೆದು ತನ್ನಿ ಎಂದು ಮೇಷ್ಟ್ರು ಹೇಳಿದ್ದಾರೆ. ನಾನು ನಮ್ಮೂರ ಚರ್ಚು ಮತ್ತು ವಿಕಲಚೇತನರ ವಿಷಯ ಬರೆಯುತ್ತಿದ್ದೇನೆ. ಯಾರನ್ನೂ ಬೈಯಬೇಕು ಅಂತ ಅಲ್ಲ. ತಪ್ಪಿದ್ದರೆ ಕ್ಷಮಿಸಿ.

ನನಗೆ ಒಂಬತ್ತು ವರ್ಷದ ತಮ್ಮ ಇದ್ದಾನೆ. ಅವನಿಗೆ ನಡೆಯೋಕೆ ಬರೋದಿಲ್ಲ, ಮಾತೂ ಸರಿಯಾಗಿ ಬರೋದಿಲ್ಲ. ಡಾಕ್ಟರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಅಂತಾರೆ. ಹುಟ್ಟುವಾಗಲೋ ಅದಕ್ಕೆ ಮುಂಚೆಯೋ ಮೆದುಳಿಗೆ ತೊಂದರೆಯಾದರೆ ಹೀಗಾಗುತ್ತದೆ. ಇದು ಅಂಟುರೋಗವಲ್ಲ. ನಾವು ಹೇಳಿದ್ದು ಅವನಿಗೆ ಅರ್ಥವಾಗುತ್ತದೆ. ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆದರೆ ಸಾಕು, ಬಾಗಿಲ ಕಡೆ ತಿರುಗಿ ನಗುತ್ತಾನೆ.

ಆದರೆ ಅವನು ಚರ್ಚಿಗೆ ಹೋಗಿ ಎರಡು ವರ್ಷವಾಯಿತು. ಆಗ ಕ್ರಿಸ್‌ಮಸ್ ಪೂಜೆಯಲ್ಲಿ ಹಾಡು ಶುರುವಾದ ಕೂಡಲೇ ಅವನು ಖುಷಿಯಿಂದ ಜೋರಾಗಿ ಕೂಗಿಬಿಟ್ಟ. ಎಲ್ಲರೂ ತಿರುಗಿ ನೋಡಿದರು. ಒಬ್ಬರು "ಹೊರಗೆ ಕರ್ಕೊಂಡ್ ಹೋಗಮ್ಮ" ಅಂದರು. ಇನ್ನೊಬ್ಬರು "ಯಾರು ಮಾಡಿದ ಪಾಪವೋ ಏನೋ" ಅಂದದ್ದು ನನಗೂ ಕೇಳಿಸಿತು. ಅಮ್ಮ ಅವನನ್ನು ಎತ್ತಿಕೊಂಡು ಹೊರಗೆ ಬಂದಳು. ಅಂದಿನಿಂದ ಅಮ್ಮನೂ ಪೂಜೆಗೆ ಹೋಗಿಲ್ಲ. ಅವನನ್ನು ಯಾರ ಹತ್ತಿರ ಬಿಟ್ಟು ಹೋಗೋದು? ಮನೆಯಲ್ಲೇ ಕುಳಿತು ಜಪಸರ ಮಾಡುತ್ತಾಳೆ.

ಪಾಪದ ಮಾತಿಗೆ ಬೈಬಲ್ಲಿನಲ್ಲೇ ಉತ್ತರ ಇದೆ. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನೊಬ್ಬನನ್ನು ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳುತ್ತಾರೆ. ಅವನೂ ಪಾಪ ಮಾಡಿಲ್ಲ, ಅವನ ತಂದೆತಾಯಿಯೂ ಮಾಡಿಲ್ಲ ಎಂದು ಯೇಸುಸ್ವಾಮಿ ಹೇಳುತ್ತಾರೆ. ಇದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೂ ಹಳೇ ಮಾತನ್ನೇ ಆಡುತ್ತೇವೆ.

ಈಗ ಒಂದು ಲೆಕ್ಕ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ವಿಕಲಚೇತನರು 2 ಕೋಟಿ 68 ಲಕ್ಷ. ಅಂದರೆ ನೂರು ಜನರಲ್ಲಿ ಇಬ್ಬರಿಗಿಂತ ಹೆಚ್ಚು. ನಮ್ಮ ಚರ್ಚಿಗೆ ಭಾನುವಾರ ಸುಮಾರು 300 ಜನ ಬರುತ್ತಾರೆ. ಆ ಲೆಕ್ಕದಲ್ಲಿ ಆರು ಜನರಾದರೂ ಇರಬೇಕಲ್ಲವೇ? ನಾನು ಮೂರು ಭಾನುವಾರ ಎಣಿಸಿದೆ. ಕೋಲು ಹಿಡಿದು ಬರುವ ಒಬ್ಬ ಅಜ್ಜ ಮಾತ್ರ ಸಿಕ್ಕಿದರು. ಉಳಿದವರು ಎಲ್ಲಿ? ನನ್ನ ತಮ್ಮನ ಹಾಗೆ ಮನೆಯಲ್ಲಿರಬೇಕು.

ಲೂಯಿ ಬ್ರೈಲ್ ಹೆಸರು ನೀವು ಕೇಳಿದ್ದೀರಿ. ಅವರು 1809ರಲ್ಲಿ ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದರು. ಮೂರು ವರ್ಷದವರಿದ್ದಾಗ ಅಪ್ಪನ ಚರ್ಮದ ಕೆಲಸದ ಉಪಕರಣ ಕಣ್ಣಿಗೆ ಚುಚ್ಚಿತು. ಆಮೇಲೆ ಎರಡೂ ಕಣ್ಣು ಹೋದವು. ಆ ಊರಿನ ಪಾದ್ರಿ ಅವರಿಗೆ ಪಾಠ ಹೇಳಿಕೊಟ್ಟರು. ಊರಿನ ಮೇಷ್ಟ್ರು ಶಾಲೆಗೆ ಸೇರಿಸಿಕೊಂಡರು. ಅದೇ ಹುಡುಗ ಹದಿನೈದನೇ ವಯಸ್ಸಿಗೆ, 1824ರಲ್ಲಿ, ಚುಕ್ಕೆ ಲಿಪಿ ಕಂಡುಹಿಡಿದ. ಆ ಪಾದ್ರಿ ಮತ್ತು ಮೇಷ್ಟ್ರು "ಅಯ್ಯೋ ಪಾಪ" ಅಂದು ಸುಮ್ಮನಾಗಿದ್ದರೆ ಏನಾಗುತ್ತಿತ್ತು?

ಆದ್ದರಿಂದ ನನ್ನ ಸಲಹೆಗಳು ಹೀಗಿವೆ.

1) ಚರ್ಚಿಗೆ ನಾಲ್ಕು ಮೆಟ್ಟಿಲು ಇವೆ. ಒಂದೊಂದೂ ಅರ್ಧ ಅಡಿ, ಒಟ್ಟು 2 ಅಡಿ. ವೀಲ್‌ಚೇರಿನ ಇಳಿಜಾರಿಗೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಇದು ನಾವು ಕಲಿತ ಅನುಪಾತವೇ, 1:12. ಅಂದರೆ 24 ಅಡಿ. ಮುಂದಿನ ಬಾಗಿಲಲ್ಲಿ ಅಷ್ಟು ಜಾಗ ಇಲ್ಲ. ಪಕ್ಕದ ಬಾಗಿಲ ಹತ್ತಿರ ಪಿ.ಟಿ. ಮೇಷ್ಟ್ರ ಟೇಪು ತಗೊಂಡು ಅಳೆದೆ, 31 ಅಡಿ ಇದೆ.

2) ಒಳಗೆ ಒಂದು ಬೆಂಚು ಸರಿಸಿ ವೀಲ್‌ಚೇರಿಗೆ ಜಾಗ ಬಿಡಬೇಕು. ಕೈಗೂಸು ಅತ್ತರೆ ಯಾರೂ ಹೊರಗೆ ಹೋಗು ಅನ್ನೋದಿಲ್ಲ. ನನ್ನ ತಮ್ಮ ಕೂಗಿದರೂ ಹಾಗೇ ಇರಬೇಕು.

3) ಅವನ ವಯಸ್ಸಿನವರೆಲ್ಲ ಜ್ಞಾನೋಪದೇಶದ ತರಗತಿಗೆ ಹೋಗುತ್ತಾರೆ. ಅವನ ಹೆಸರನ್ನು ಯಾರೂ ಕೇಳಿಲ್ಲ. ಅವನ ಹೆಸರೂ ಬರೆದುಕೊಳ್ಳಬೇಕು.

4) ಇಂಥ ಮನೆಗಳಿಗೆ ವಾರಕ್ಕೆ ಒಂದು ಗಂಟೆ ಯಾರಾದರೂ ಸರದಿಯಂತೆ ಹೋಗಿ ಮಗುವಿನ ಜೊತೆ ಕೂರಬೇಕು. ಆ ಹೊತ್ತಿಗೆ ಅಮ್ಮಂದಿರು ಸಂತೆಗೋ ಆಸ್ಪತ್ರೆಗೋ ಹೋಗಿ ಬರಬಹುದು. ಸುಮ್ಮನೆ ಮಲಗಿದರೂ ಆಯಿತು.

5) ಮಾಸಾಶನ, ಯು.ಡಿ.ಐ.ಡಿ. ಕಾರ್ಡಿನ ವಿಷಯ ಪೂಜೆಯ ನಂತರ ಎಲ್ಲರಿಗೂ ತಿಳಿಸಬೇಕು. ಅರ್ಜಿ ಬರೆಯಲು ಬಾರದವರಿಗೆ ಯುವಕ ಸಂಘದವರು ಬರೆದುಕೊಡಲಿ.

ದುಡ್ಡು ಎಲ್ಲಿದೆ ಅಂತ ಕೆಲವರು ಕೇಳಬಹುದು. ಮೊದಲನೆಯದಕ್ಕೆ ಮಾತ್ರ ಸಿಮೆಂಟು, ಇಟ್ಟಿಗೆ ಬೇಕು. ಉಳಿದ ನಾಲ್ಕಕ್ಕೆ ಮನಸ್ಸು ಇದ್ದರೆ ಸಾಕು. ಹಬ್ಬದ ದಿನ ಸಂತರ ತೇರು ಹೊರೋಕೆ ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಇಳಿಜಾರು ಆಗುವ ತನಕ ನನ್ನ ತಮ್ಮನ ಕುರ್ಚಿ ಎತ್ತೋಕೆ ಇಬ್ಬರು ಬಂದರೆ ಸಾಕು. ಅವನು ಬರೀ 22 ಕೆ.ಜಿ. ಇದ್ದಾನೆ.

ಗೆಳೆಯರೇ, ನಮ್ಮ ತರಗತಿಯಲ್ಲಿ ದೇವಸ್ಥಾನಕ್ಕೆ, ಮಸೀದಿಗೆ ಹೋಗುವವರೂ ಇದ್ದೀರಿ. ನಿಮ್ಮಲ್ಲೂ ಮೆಟ್ಟಿಲು ಎಣಿಸಿ ನೋಡಿ. ಬಾರದೇ ಇರುವವರು ಯಾರು ಅಂತಲೂ ನೋಡಿ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮುಂದಿನ ಭಾನುವಾರ ಫಾದರ್ ಕೈಗೆ ಕೊಡುತ್ತೇನೆ. ಒಪ್ಪಿಗೆ ಇರುವವರು ಅದಕ್ಕೆ ಸಹಿ ಹಾಕಿ. ಹಾಳೆ ನನ್ನ ಬ್ಯಾಗಿನಲ್ಲೇ ಇದೆ. ಬರುವ ಕ್ರಿಸ್‌ಮಸ್‌ಗೆ ತಮ್ಮ ಒಳಗೆ ಕೂತು ಹಾಡು ಕೇಳಬೇಕು, ಅಮ್ಮ ಪೂಜೆ ಮುಗಿಯುವ ತನಕ ಇರಬೇಕು. ಅಷ್ಟೇ ನನ್ನ ಆಸೆ.

ಇಂತಿ,
7ನೇ ತರಗತಿ ವಿದ್ಯಾರ್ಥಿನಿ